ಬಯಲ ಬೆಳಕಿನಲ್ಲಿ ಮನೆತನದ ಪಟ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ದಾಬಸ್‌ಪೇಟೆಯು ಕಮಿಷನರರ ಆಡಳಿತಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನಾಗಿದ್ದ ಡಾಬ್ಸನ ಹೆಸರನ್ನು ಹೊತ್ತ ಊರು. ಅದರ ನೆರೆಯಲ್ಲಿಯೇ ಶಿವಗಂಗೆಯ ಬೆಟ್ಟವುಂಟು. ಮಕರಸಂಕ್ರಾಂತಿಯಂದು ಅಲ್ಲಿ ನಡೆಯುವ ಗಂಗಾಧರೇಶ್ವರನ ಕಲ್ಯಾಣೋತ್ಸವಕ್ಕೆ ಸುತ್ತಣ ಸೀಮೆಯ ಒಕ್ಕಲು ಮಕ್ಕಳುಮರಿ ಸಹಿತ ಬರುವುದು ವಾಡಿಕೆ. ಅಜ್ಜಿ, ಸೊಸೆ, ಮೊಮ್ಮಗು ಮೂವರೂ ಒಂದೇ ಬಿಸಿಲಿನಲ್ಲಿ, ಒಂದೇ ಮೆಟ್ಟಿಲ ಸಾಲಿನ ಮೇಲೆ ಕಾಣಸಿಗುವ ದಿನವದು. ಇಂಥ ನೋಟವನ್ನು ಅವರ ಅರಿವಿಗೆ ಬಾರದಂತೆ ಪಟದಲ್ಲಿ ಹಿಡಿಯುವುದು ಇಂದು ಯಾರಿಗಾದರೂ ಸಾಧ್ಯ. ಕನ್ನಡನಾಡಿನಲ್ಲಿ ಇದು ಎಂದಿನಿಂದ ಸಾಧ್ಯವಾಯಿತೆಂಬುದು ವಿಚಾರಾರ್ಹವಾದ ಪ್ರಶ್ನೆ.

ಹಳೆಯ ಕುಟುಂಬಚಿತ್ರಗಳಲ್ಲಿ ಅನೇಕವು ಬಯಲಿನಲ್ಲಿಯೇ ತೆಗೆದವು. ಅದಕ್ಕೆ ಕಾರಣ ಸಹಜತೆಯ ಮೇಲಣ ಒಲವಲ್ಲ, ಬೆಳಕಿನ ಅಭಾವ. ತೊಟ್ಟಿಯ ಮನೆಯ ಒಳಗತ್ತಲೆಯಲ್ಲಿ ಆ ಕಾಲದ ಯಂತ್ರಕ್ಕೆ ಕಣ್ಣು ಕಾಣದು. 1851ರಲ್ಲಿ ಬಳಕೆಗೆ ಬಂದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ರಸವನ್ನು ಬಳಿದು, ಅದು ಒಣಗುವುದರೊಳಗಾಗಿ ಬೆಳಕಿಗೊಡ್ಡಿ, ಕೂಡಲೆ ಕತ್ತಲಿನಲ್ಲಿ ತೊಳೆಯಬೇಕಾಗಿದ್ದಿತು. ಒಡ್ಡುವ ಅವಧಿಯು ಹಲವು ಸೆಕೆಂಡುಗಳು. ಲಿನಿಯಸ್ ಟ್ರೈಪನು 1854ರಲ್ಲಿ ಬೇಲೂರು ಹಳೇಬೀಡುಗಳನ್ನೂ, ಅಲೆಕ್ಸಾಂಡರ್ ಗ್ರೀನ್‌ಲಾನು 1856ರಲ್ಲಿ ಹಂಪೆಯನ್ನೂ ಇದಕ್ಕಿಂತ ಹಿಂದಿನ ಕಾಗದದ ವಿಧಾನದಿಂದ ಚಿತ್ರಿಸಿದರು. ಕಲ್ಲು ಅಲುಗದು. ತಾಯಿಯ ತೊಡೆಯ ಮೇಲಣ ಕೂಸು ಅಲುಗದಿರುವುದುಂಟೆ?

ಆದುದರಿಂದ ಅಂಗಳದ ಗೋಡೆಗೆ ಬಟ್ಟೆಯನ್ನು ಕಟ್ಟಿ, ನಡುವೆ ಕುರ್ಚಿಗಳನ್ನಿಟ್ಟು, ಹಿರಿಯರನ್ನು ಕೂರಿಸಿ, ಮಕ್ಕಳನ್ನು ಹಿಂದೆ ನಿಲ್ಲಿಸಿ, ಮೊಮ್ಮಕ್ಕಳನ್ನು ನೆಲದ ಮೇಲೆ ಕೂಡಿಸುವ ಪದ್ಧತಿ ನೆಲೆಗೊಂಡಿತು. ಇದನ್ನು ಕೃತಕವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಯಾರು ನಡುವೆ ಕುಳಿತರು, ವಿಧವೆಯಾದ ಅತ್ತೆಗೆ ಎಲ್ಲಿ ಸ್ಥಳ, ಹೊಸ ಸೊಸೆ ಪಟದಲ್ಲಿ ಇದ್ದಾಳೆಯೇ ಇಲ್ಲವೇ ಎಂಬುವು ವಂಶಾವಳಿಯ ಪತ್ರವೂ ಹೇಳದ ಸಂಗತಿಗಳು. ಮನೆತನವು ತನ್ನನ್ನು ಲೋಕಕ್ಕೆ ಹೇಗೆ ತೋರಿಸಿಕೊಳ್ಳಲು ಬಯಸಿತೆಂಬುದಕ್ಕೆ ಅದು ಸಾಕ್ಷಿ. ಹೇಗೆ ಬಾಳಿತೆಂಬುದಕ್ಕೆ ಅಲ್ಲ. ಎರಡನ್ನೂ ಒಂದೆಂದು ಎಣಿಸಿದಾಗಲೇ ಚರಿತ್ರಕಾರನು ಎಡವುವುದು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರರ ಮೈಸೂರು ಬುಡಕಟ್ಟು ಜಾತಿಗಳ ಗ್ರಂಥ 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಿದ್ದಿತು. ಇಂಥ ಗ್ರಂಥಗಳ ಚಿತ್ರಗಳಲ್ಲಿ ನಿಂತವರು ಜಾತಿಯ ಮಾದರಿಗಳೇ ಹೊರತು ಒಂದು ಮನೆಯ ಅಜ್ಜ ಅಜ್ಜಿಯರಲ್ಲ.

ಯಂತ್ರವು ಬಹುಬೇಗ ಹಗುರವಾಯಿತು. 1888ರಲ್ಲಿ ಕೊಡಕ್, 1900ರಲ್ಲಿ ಬ್ರೌನಿ, 1925ರಲ್ಲಿ ಲೈಕಾ ಪೇಟೆಗೆ ಬಂದವು. ಕ್ಯಾಮರಾ ಕೈಗೆ ಬಂದುದರಿಂದಲೇ ದೃಷ್ಟಿ ಬದಲಾಗಲಿಲ್ಲ. ಕ್ಯಾಮರಾ ಕಂಡೊಡನೆ ಸೆಟೆದು ನಿಲ್ಲುವ ಅಭ್ಯಾಸ ಇಂದಿಗೂ ಪೂರ್ತಿ ಹೋಗಿಲ್ಲ. ಈ ಬದಲಾವಣೆಯ ಜಾಡನ್ನು ಹಿಡಿಯಲು 1948ನೆಯ ವರ್ಷವು ಅನುಕೂಲವಾದುದು. ಆ ವರ್ಷ ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು ಕೊಡಗಹಳ್ಳಿಯಲ್ಲಿ ನೆಲೆಸಿ ಗ್ರಾಮಜೀವನವನ್ನು ಅಭ್ಯಸಿಸಿದರು. ಅವರ ಕೈಯ ಕ್ಯಾಮರಾ ಹಳ್ಳಿಯವರ ನಾಲಗೆಯಲ್ಲಿ ಚಾಮರವಾಯಿತು. ದೇವರಿಗೂ ಅರಸರಿಗೂ ಬೀಸುವ ವಸ್ತುವಿನ ಹೆಸರು ಅದಕ್ಕೆ ಅಂಟಿದುದು ವಿನೋದವಷ್ಟೇ ಅಲ್ಲ. ಪಟವೆಂಬುದು ಇನ್ನೂ ಮರ್ಯಾದೆಯ ಉಪಚಾರದ ಕಡೆಗೇ ಸೇರಿದ್ದಿತೆಂದು ಅದರಿಂದ ಊಹಿಸಬಹುದು. ಹದಿನೆಂಟು ವರ್ಷ ಪರಿಷ್ಕರಿಸಿದ ಅವರ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನ ಬೆಂಕಿಗೆ ಆಹುತಿಯಾದವು. 1976ರ ಗ್ರಂಥವನ್ನು ಅವರು ಬಹುಮಟ್ಟಿಗೆ ನೆನಪಿನಿಂದಲೇ ಬರೆದರು.

ಅದೇ 1948ರಲ್ಲಿ ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (1923–2009) ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಛಾಯಾಗ್ರಾಹಕರಾದರು. ಸಾಮಾನ್ಯ ಜನರನ್ನು ಅವರಿದ್ದ ಎಡೆಯಲ್ಲಿ, ಅವರ ಕೆಲಸದ ನಡುವೆಯೇ ಚಿತ್ರಿಸುವುದು ಸತ್ಯನ್‌ರ ಮಾರ್ಗ. ಮಕ್ಕಳನ್ನು ಕುರಿತ ಅವರ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಅಂಗಳದ ಪಟದಲ್ಲಿ ಅಲುಗಬಾರದೆಂದು ಗದರಿಸಿಕೊಂಡ ಮಗುವೇ ಇಲ್ಲಿ ಚಿತ್ರದ ಕೇಂದ್ರವಾಯಿತು.

ಆದರೂ ಸಹಜಚಿತ್ರವೆಲ್ಲ ಸತ್ಯವೆಂದು ನಂಬುವಂತಿಲ್ಲ. ಯಾವ ಗಳಿಗೆಯನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬ ಆಯ್ಕೆ ಚಿತ್ರಕಾರನದೇ. ಗೋಡೆಯ ಪಟದಲ್ಲಿದ್ದ ಹಿರಿಯರ ಅನುಮತಿಯೂ ಇಲ್ಲಿರದು. ಶಿವಗಂಗೆಯ ಮೆಟ್ಟಿಲ ತಿರುವಿನಲ್ಲಿ ಉಸಿರಿಗಾಗಿ ಕುಳಿತ ಅಜ್ಜಿ, ಅವಳಿಗಾಗಿ ನಿಂತ ಮಗ, ಮೇಲಿನಿಂದ ಕೂಗುವ ಮೊಮ್ಮಗ: ಈ ಪಟದಲ್ಲಿ ಯಾರೂ ಕುರ್ಚಿಯ ಮೇಲಿಲ್ಲ. ಹೆಸರು, ವರ್ಷಗಳನ್ನು ಹಿಂಬದಿಯಲ್ಲಿ ಬರೆದಿಡುವ ಹಳೆಯ ರೂಢಿಯೂ ಕೈಯ ದೂರವಾಣಿಯಲ್ಲಿಯೇ ಉಳಿದುಹೋಗುವ ಈ ಪಟಗಳಿಗಿಲ್ಲ.