35 ಅಳತೆ, 175 ತಾಲ್ಲೂಕು: ನಂಜುಂಡಪ್ಪ ವರದಿ ನಮ್ಮ ಬದುಕನ್ನು ಅಳೆದ ಕತೆ

ಚುನಾವಣೆ ಬಂದರೆ, ಬೆಳಗಾವಿಯಲ್ಲಿ ಅಧಿವೇಶನ ನಡೆದರೆ ಒಂದು ಹೆಸರು ತಪ್ಪದೆ ಕೇಳಿಸುತ್ತದೆ: ನಂಜುಂಡಪ್ಪ ವರದಿ. ಭಾಷಣದಲ್ಲಿ ಆ ಹೆಸರು ಕೇಳಿದವರು ಬಹಳ, ಒಳಗೆ ಏನಿದೆ ಎಂದು ನೋಡಿದವರು ಕಡಿಮೆ. ಅದರಲ್ಲಿ ನಿಮ್ಮ ತಾಲ್ಲೂಕಿಗೂ ಒಂದು ಅಂಕ ಇದೆ. ನಿಮ್ಮದು ಹೊಸ ತಾಲ್ಲೂಕಾದರೆ ಹಳೆಯ ತಾಲ್ಲೂಕಿನ ಹೆಸರಿನಲ್ಲಿ ಹುಡುಕಬೇಕು, ಅಷ್ಟೆ. ಆ ಅಂಕ ಹೇಗೆ ಬಂತು, ಬಂದ ಮೇಲೆ ಏನಾಯಿತು ಎಂಬುದು ನಮ್ಮೆಲ್ಲರ ನೀರು, ಶಾಲೆ, ಆಸ್ಪತ್ರೆಗೆ ಸಂಬಂಧಿಸಿದ ವಿಷಯ.

ದೂರು ಹಳೆಯದು

1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದೇ ರಾಜ್ಯವಾದವು. ಆದರೆ ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡಲಿಲ್ಲ. ಹಳೆಯ ಮೈಸೂರಿನಲ್ಲಿ ಶಾಲೆ, ಕರೆಂಟು, ಕಾಲುವೆ ಮೊದಲೇ ಬಂದಿದ್ದವು. ನಿಜಾಮರ ಆಡಳಿತದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಕಡೆ ಅಷ್ಟು ಇರಲಿಲ್ಲ. 'ನಮಗೆ ಅನ್ಯಾಯವಾಗಿದೆ' ಎಂಬ ಮಾತು ಅಂದಿನಿಂದಲೂ ಇದೆ. ಆದರೆ ಎಷ್ಟು ಅನ್ಯಾಯ, ಯಾವುದರಲ್ಲಿ, ಯಾವ ಊರಿಗೆ ಎಂದು ಲೆಕ್ಕ ಇಟ್ಟು ಹೇಳುವುದು ಕಷ್ಟವಾಗಿತ್ತು.

1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮೊದಲ ಮಾನವ ಅಭಿವೃದ್ಧಿ ವರದಿ ತಂದಿತು. ದುಡ್ಡೊಂದನ್ನೇ ನೋಡಬೇಡಿ, ಜನ ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ಓದುತ್ತಾರೆ ಎಂದೂ ನೋಡಿ ಎಂದಿತು ಅದು. 1999ರಲ್ಲಿ ಕರ್ನಾಟಕವೂ ಇಂಥ ವರದಿ ಮಾಡಿತು. ಜಿಲ್ಲೆ ಜಿಲ್ಲೆಯ ನಡುವಿನ ಅಂತರ ಕಾಣಿಸಿತು. ಆದರೆ ಜಿಲ್ಲೆಯ ಸರಾಸರಿಯೊಳಗೆ ಬಡ ತಾಲ್ಲೂಕು ಮರೆಯಾಗಿಬಿಡುತ್ತದೆ.

ತಾಲ್ಲೂಕಿಗೊಂದು ಅಂಕ

2000ದಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಗೆ ಉನ್ನತಾಧಿಕಾರ ಸಮಿತಿ ರಚಿಸಿತು. 2002ರ ಜೂನ್‌ನಲ್ಲಿ ವರದಿ ಬಂತು. ಆಗ ರಾಜ್ಯದಲ್ಲಿ ಇದ್ದದ್ದು 175 ತಾಲ್ಲೂಕು. ಪ್ರತಿಯೊಂದನ್ನೂ 35 ವಿಷಯದಲ್ಲಿ ಅಳೆದರು: ಎಷ್ಟು ಭೂಮಿಗೆ ನೀರಾವರಿ, ಎಷ್ಟು ಜನಕ್ಕೆ ಒಬ್ಬ ಡಾಕ್ಟರು, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ, ಎಷ್ಟು ಮಕ್ಕಳು ಶಾಲೆಯಿಂದ ಹೊರಗೆ, ಎಷ್ಟು ಬ್ಯಾಂಕ್, ಎಷ್ಟು ರಸ್ತೆ, ಲಕ್ಷ ಜನಕ್ಕೆ ಎಷ್ಟು ದೂರವಾಣಿ, ಹೀಗೆ.

ಎಲ್ಲ ಸೇರಿಸಿ ಒಂದು ಸೂಚ್ಯಂಕ ಮಾಡಿದರು. ರಾಜ್ಯದ ಸರಾಸರಿ 1. ಅದಕ್ಕಿಂತ ಕಡಿಮೆ ಬಂದರೆ ಹಿಂದುಳಿದ ತಾಲ್ಲೂಕು. 175ರಲ್ಲಿ 114 ತಾಲ್ಲೂಕು ಹಿಂದುಳಿದಿದ್ದವು: 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ರಾಯಚೂರು ಜಿಲ್ಲೆಯ ದೇವದುರ್ಗ 0.53 ಪಡೆದು ಎಲ್ಲಕ್ಕಿಂತ ಕೆಳಗಿತ್ತು.

ಗುಲ್ಬರ್ಗ ವಿಭಾಗದ 31 ತಾಲ್ಲೂಕುಗಳಲ್ಲಿ 28 ಹಿಂದುಳಿದಿದ್ದವು. ಅವುಗಳಲ್ಲಿ 21 ಕಟ್ಟಕಡೆಯ ಗುಂಪಿನವು. ಆ ಭಾಗದ ದೂರು ಬರೀ ಗೊಣಗಾಟವಲ್ಲ ಎಂದು ಸರ್ಕಾರದ ಕಾಗದವೇ ಒಪ್ಪಿಕೊಂಡಂತಾಯಿತು.

ಅದೇ ಪಟ್ಟಿ ಇನ್ನೊಂದು ಮಾತನ್ನೂ ಹೇಳಿತು. 114ರಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣದವು. ಅತ್ಯಂತ ಹಿಂದುಳಿದ 39ರಲ್ಲಿ 13 ದಕ್ಷಿಣದಲ್ಲೇ ಇದ್ದವು. ಪಾವಗಡ, ಬಾಗೇಪಲ್ಲಿ ಸರಿ, ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿ ಕೂಡ ಅದರಲ್ಲಿದ್ದವು. ರಾಜಧಾನಿ ಹತ್ತಿರ ಇದ್ದರೆ ಬದುಕು ತಾನಾಗಿ ಸುಧಾರಿಸುತ್ತದೆ ಎಂಬ ನಂಬಿಕೆಗೆ ಅದು ಉತ್ತರ. ಉತ್ತರ-ದಕ್ಷಿಣ ಎಂಬ ಜಗಳವನ್ನು ತಾಲ್ಲೂಕಿನ ಲೆಕ್ಕಕ್ಕೆ ಇಳಿಸಿದ್ದೇ ಈ ವರದಿಯ ದೊಡ್ಡ ಕೆಲಸ ಎಂದು ನಮಗನಿಸುತ್ತದೆ.

ಅಂಕದಿಂದ ದುಡ್ಡಿಗೆ

ಸಮಿತಿ ಲೆಕ್ಕ ಹಾಕಿ ಕೈಬಿಡಲಿಲ್ಲ. 8 ವರ್ಷದಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಮಾಡಿ ಎಂದಿತು. ಅದರಲ್ಲಿ ಶೇ 60 ಉತ್ತರಕ್ಕೆ, ಶೇ 40 ದಕ್ಷಿಣಕ್ಕೆ. ಅಂಕ ಕಡಿಮೆ ಇದ್ದಲ್ಲಿ ದುಡ್ಡು ಹೆಚ್ಚು ಹೋಗಬೇಕು ಎಂಬುದು ಲೆಕ್ಕಾಚಾರ.

ಆದದ್ದು ಏನು? ವಿಶೇಷ ಯೋಜನೆ ಶುರುವಾದದ್ದು 2007-08ರಲ್ಲಿ, ವರದಿ ಬಂದು ಐದು ವರ್ಷದ ಮೇಲೆ. ಅಷ್ಟರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಆರನೇ ತರಗತಿಗೆ ಬಂದಿತ್ತು. ಶುರುವಾದ ಮೇಲೂ ಬಜೆಟ್‌ನಲ್ಲಿ ಹೇಳಿದ್ದು, ಬಿಡುಗಡೆಯಾದದ್ದು, ಖರ್ಚಾದದ್ದು ಮೂರೂ ಒಂದೇ ಆಗಲಿಲ್ಲ. ರಾಯಚೂರಿಗೆ ಐಐಟಿ ಕೊಡಿ ಎಂದು ವರದಿ ಹೇಳಿತ್ತು. ರಾಯಚೂರಿನ ಜನ ಬೀದಿಗಿಳಿದು ಕೇಳಿದರೂ 2016ರಲ್ಲಿ ಐಐಟಿ ಆರಂಭವಾದದ್ದು ಧಾರವಾಡದಲ್ಲಿ.

ಹಾಗೆಂದು ವರದಿ ವ್ಯರ್ಥವಾಯಿತು ಎನ್ನಲಾಗದು. ಹೈದರಾಬಾದ್ ಕರ್ನಾಟಕದ ವಿಶೇಷ ಸ್ಥಾನಮಾನದ ಹೋರಾಟ ಅದಕ್ಕಿಂತ ಹಳೆಯದು, ಆದರೆ ಹೋರಾಟಗಾರರ ಕೈಗೆ ಈ ಅಂಕಿಗಳು ಸಿಕ್ಕವು. ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂದು, 2013ರಿಂದ ಆ ಭಾಗಕ್ಕೆ ಪ್ರತ್ಯೇಕ ಮಂಡಳಿ, ಓದು ಮತ್ತು ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು.

ಅಳೆಯದೆ ಉಳಿದದ್ದು

35 ವಿಷಯಗಳಲ್ಲಿ ಹಾಸಿಗೆಯ ಲೆಕ್ಕ ಇದೆ, ಆ ಹಾಸಿಗೆಯಲ್ಲಿ ಮಲಗಿದವರಿಗೆ ಔಷಧಿ ಸಿಕ್ಕಿತೇ ಎಂಬುದಿಲ್ಲ. ಟ್ರ್ಯಾಕ್ಟರ್ ಎಷ್ಟು ಎಂಬುದಿದೆ, ಅದರ ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟವರ ಲೆಕ್ಕವಿಲ್ಲ. ಸಮಿತಿ ಸೌಲಭ್ಯ ಎಣಿಸಿತು. 'ನಿಮ್ಮ ಬದುಕು ಹೇಗಿದೆ' ಎಂಬ ಪ್ರಶ್ನೆಗೆ ಪಟ್ಟಿಯಲ್ಲಿ ಜಾಗ ಇರಲಿಲ್ಲ.

ಆ ಪ್ರಶ್ನೆಯನ್ನು ಕೇಳುವ ಸರ್ಕಾರವೂ ನಮ್ಮ ನೆರೆಯಲ್ಲೇ ಇದೆ. ಭೂತಾನದಲ್ಲಿ 2010, 2015, 2022ರಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿದರು. ಎಷ್ಟು ಹೊತ್ತು ದುಡಿಯುತ್ತೀರಿ, ಎಷ್ಟು ಹೊತ್ತು ಮಲಗುತ್ತೀರಿ, ನೆರೆಯವರ ಮೇಲೆ ನಂಬಿಕೆ ಇದೆಯೇ ಎಂದು ಕೇಳಿ, 33 ಸೂಚಕಗಳಲ್ಲಿ ಲೆಕ್ಕ ಹಾಕಿದರು. ಅಲ್ಲಿಂದಲೂ ಯುವಕರು ಕೆಲಸ ಹುಡುಕಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ, ಆದ್ದರಿಂದ ಅದೇನು ಸ್ವರ್ಗವಲ್ಲ. ಆದರೆ ಜನರನ್ನೇ ಕೇಳಿ ಅಳೆಯಬಹುದು ಎಂದು ಆ ಪುಟ್ಟ ದೇಶ ತೋರಿಸಿದೆ.

2024ರಲ್ಲಿ ನಮ್ಮ ರಾಜ್ಯ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೆ ಒಂದು ಸಮಿತಿ ರಚಿಸಿತು. ಅಂದರೆ ಹಳೆಯ ಲೆಕ್ಕವನ್ನು ಹೊಸ ಲೆಕ್ಕದ ಪಕ್ಕದಲ್ಲಿಟ್ಟು ನೋಡುವ ಕಾಲ ಇದು.

ಗ್ರಾಮಸಭೆಯಲ್ಲಿ 'ನಮ್ಮೂರು ಹಿಂದುಳಿದಿದೆ' ಎಂದರೆ ಅಧಿಕಾರಿಗಳು ತಲೆಯಾಡಿಸಿ ಎದ್ದು ಹೋಗಬಹುದು. '2002ರಲ್ಲಿ ನಮ್ಮ ತಾಲ್ಲೂಕಿನ ಅಂಕ ಇಷ್ಟಿತ್ತು. ಈಗ ಎಷ್ಟು? ನಡುವೆ ಬಂದ ದುಡ್ಡು ಯಾವ ಊರಿಗೆ ಹೋಯಿತು?' ಎಂದು ಕೇಳಿದರೆ ಏನಾದರೂ ಉತ್ತರ ಹೇಳಲೇಬೇಕಾಗುತ್ತದೆ. ಆ ಅಂಕ ನಮ್ಮನ್ನೇ ಅಳೆದು ಬರೆದದ್ದು, ಕೇಳುವ ಹಕ್ಕೂ ನಮ್ಮದೇ.