ಸ್ಟಾಲ್: ಲಾಯದಿಂದ ರೆಕ್ಕೆಗೆ

ಟೀ ಸ್ಟಾಲು, ಬುಕ್ ಸ್ಟಾಲು, ವಸ್ತುಪ್ರದರ್ಶನದ ಸ್ಟಾಲು: ಈ ಪದ ನಮ್ಮ ಬಾಯಲ್ಲಿ ಪಳಗಿ ತುಂಬ ಕಾಲವಾಯಿತು. ಹಾಗಾಗಿ ‘ವಿಮಾನ ಸ್ಟಾಲ್ ಆಗುವುದರಲ್ಲಿತ್ತು’ ಎಂಬ ಸುದ್ದಿ ಓದಿದವರು ಒಂದು ಗಳಿಗೆ ತಡವರಿಸುತ್ತಾರೆ. ಆಮೇಲೆ, ಸಿಗ್ನಲ್ಲಿನಲ್ಲಿ ಕಾರು ಆಫ್ ಆಗುವ ಹಾಗೆ ಎಂಜಿನ್ ನಿಂತಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಪದದ ಚರಿತ್ರೆ ನೋಡಿದರೆ ಅವರದು ತಪ್ಪೆನ್ನುವಂತಿಲ್ಲ. ವಿಮಾನದ ಲೆಕ್ಕದಲ್ಲಿ ಮಾತ್ರ ಪೂರಾ ತಪ್ಪು.

ಹಳೆಯ ಇಂಗ್ಲಿಷಿನಲ್ಲಿ ಇದರ ಅರ್ಥ ನಿಲ್ಲುವ ಜಾಗ. ಅದರಲ್ಲೂ ದನ, ಕುದುರೆ ಕಟ್ಟುವ ಜಾಗ. ನಮ್ಮ ಕೊಟ್ಟಿಗೆ, ಲಾಯ. ಲಾಯದಲ್ಲಿ ಕಟ್ಟಿ ಸಾಕಿದ ಬೀಜದ ಕುದುರೆ ‘ಸ್ಟ್ಯಾಲಿಯನ್’ ಆಯಿತು. ಚರ್ಚಿನಲ್ಲಿ ಪಾದ್ರಿ ಕೂರುವ ಪೀಠಕ್ಕೂ ಸಂತೆಯಲ್ಲಿ ವ್ಯಾಪಾರಿಯ ಮಳಿಗೆಗೂ ಇದೇ ಹೆಸರು ಬಂತು. ಅಂಥ ಪೀಠದಲ್ಲಿ ಒಬ್ಬರನ್ನು ಕೂರಿಸುವುದೇ ‘ಇನ್‌ಸ್ಟಾಲ್’. ಈಗ ಫೋನಿನಲ್ಲಿ ಆ್ಯಪ್ ಕೂರಿಸುತ್ತೇವೆ, ಅಷ್ಟೇ ವ್ಯತ್ಯಾಸ. ಇದರ ಮೂಲಧಾತುವನ್ನು ಸಂಸ್ಕೃತದ ‘ಸ್ಥಾ’ದ ಬಳಗಕ್ಕೆ ಸೇರಿಸುವವರೂ ಇದ್ದಾರೆ. ಅದು ನಿಜವಾದರೆ ನಮ್ಮ ‘ತಾಣ’ ಇದಕ್ಕೆ ದೂರದ ನೆಂಟ.

ಕೆಸರಿನಲ್ಲಿ ಗಾಡಿ ಹೂತುಕೊಂಡರೂ ಸ್ಟಾಲ್ ಎಂದರು. ಮೋಟಾರು ಬಂದ ಮೇಲೆ ಎಂಜಿನ್ನಿಗೂ ಅದು ಅಂಟಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಮಾನಕ್ಕೆ ಹತ್ತಿದಾಗಲೇ ಅರ್ಥ ಹೊರಳಿದ್ದು. ಬರುವ ಗಾಳಿಗೆ ರೆಕ್ಕೆ ಒಡ್ಡಿಕೊಂಡ ಕೋನ ಸುಮಾರು 15 ಡಿಗ್ರಿ ದಾಟಿದರೆ, ಮೇಲ್ಮೈಗೆ ಅಂಟಿ ಹರಿಯಬೇಕಾದ ಗಾಳಿ ಕಿತ್ತುಕೊಂಡು ಸುಳಿಯಾಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಎಂಜಿನ್ ಇದ್ದರೇನು, ಇಲ್ಲದಿದ್ದರೇನು! 1896ರಲ್ಲಿ ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಗ್ಲೈಡರಿನಿಂದ ಬಿದ್ದು ಸತ್ತದ್ದು ಹೀಗೆಯೇ. ಅವನ ಬಳಿ ನಿಲ್ಲುವುದಕ್ಕೆ ಎಂಜಿನ್ನೇ ಇರಲಿಲ್ಲ.

2009ರ ಮೇ 11ರ ರಾತ್ರಿ ಜೊಹಾನ್ಸ್‌ಬರ್ಗ್‌ನಿಂದ ಲಂಡನ್ನಿಗೆ ಹೊರಟ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನದ ನಾಲ್ಕೂ ಎಂಜಿನ್ನುಗಳು ಪೂರ್ತಿ ಬಲದಲ್ಲಿ ಮೊರೆಯುತ್ತಿದ್ದವು. ನೆಲದ ಎತ್ತರವೇ ಸುಮಾರು 5,500 ಅಡಿ, ಗಾಳಿ ತೆಳು. ಓಡುದಾರಿಯಲ್ಲಿದ್ದಾಗಲೇ, ಇಳಿದ ಮೇಲೆ ವೇಗ ತಗ್ಗಿಸಲು ಬಳಸುವ ರಿವರ್ಸರುಗಳು ಬಿಚ್ಚಿಕೊಂಡಿವೆಯೆಂಬ ಹುಸಿ ಸಂಕೇತ ಬಂತು. ರಿವರ್ಸರ್ ತೆರೆದಾಗ, ಎತ್ತುವ ಬಲ ಹೆಚ್ಚಿಸುವ ರೆಕ್ಕೆಯ ಮುಂಚೂಣಿಯ ಫ್ಲ್ಯಾಪುಗಳನ್ನು ಒಳಸರಿಸುವುದು ವ್ಯವಸ್ಥೆಯ ನಿಯಮ. ಮೂಗೆತ್ತುವ ಹೊತ್ತಿಗೇ ಅದು ಆ ನಿಯಮ ಪಾಲಿಸಿತು. ನೆಲ ಬಿಡುತ್ತಿದ್ದಂತೆ ಸ್ಟಿಕ್ ಶೇಕರ್ ಗಡಗಡಿಸಿತು. ಅದು ಸ್ಟಾಲ್ ಹತ್ತಿರವಾಯಿತೆಂದು ಎಚ್ಚರಿಸಲು ಚಾಲನಾ ದಂಡಕ್ಕೆ ಕೂಡಿಸಿದ ಪುಟ್ಟ ಮೋಟಾರು. ಒಂದು ಬದಿ ಭಾರವಿರುವ ಗಾಲಿ ತಿರುಗಿ ದಂಡವನ್ನೇ ಅಲುಗಿಸುತ್ತದೆ. ಕೈಗೆ ಗೊತ್ತಾಗದೆ ಇರಲು ಸಾಧ್ಯವಿಲ್ಲ. ಏನಾಗುತ್ತಿದೆಯೆಂದು ತಿಳಿಯದಿದ್ದರೂ ಸಹಚಾಲಕ ಮೂಗನ್ನು ಬೇಕಾದಷ್ಟೇ ತಗ್ಗಿಸಿ, ಏರುವ ಆಸೆ ಬಿಟ್ಟು, ವೇಗವನ್ನು ಕಾಪಾಡಿಕೊಂಡ. ನೆಲ ಹತ್ತಿರವಿದ್ದಾಗ ಅದಕ್ಕೆ ಬೇಕಾದ ಗುಂಡಿಗೆ ಸಣ್ಣದಲ್ಲ. ಫ್ಲ್ಯಾಪುಗಳು ಮತ್ತೆ ಚಾಚಿಕೊಂಡವು. ವಿಮಾನ ಇಂಧನ ಸುರಿದು ಜೊಹಾನ್ಸ್‌ಬರ್ಗ್‌ಗೇ ಮರಳಿತು.

ಜೆಟ್ ಯುಗದಲ್ಲಿ ಪದ ಇನ್ನೊಂದು ಪಲ್ಟಿ ಹೊಡೆದಿದೆ. ಎಂಜಿನ್ನಿನೊಳಗೆ ತಿರುಗುವ ಸಂಕೋಚಕದ ಅಲಗುಗಳೂ ಪುಟ್ಟ ರೆಕ್ಕೆಗಳೇ. ಅವುಗಳ ಮೇಲಿನ ಗಾಳಿ ಕಿತ್ತುಕೊಂಡರೆ ಪಟಾಕಿಯಂಥ ಸದ್ದು, ಕೆಲವೊಮ್ಮೆ ಬೆಂಕಿಯ ನಾಲಗೆ. ಅದಕ್ಕೆ ‘ಕಂಪ್ರೆಸರ್ ಸ್ಟಾಲ್’ ಎನ್ನುತ್ತಾರೆ. ಎಷ್ಟೋ ಸಲ ಆ ಎಂಜಿನ್ ನಿಲ್ಲುವುದೂ ಇಲ್ಲ.