ಒಂದು ಬಯಲು, ಎರಡು ವರದಿ

ಅನುವಾದ ಮಾಡುವಾಗ ‘ಪ್ರೇರಿ’ ಎಂಬ ಪದ ಎದುರಾದರೆ ನಾನು ಹೆಚ್ಚು ಯೋಚಿಸದೆ ‘ಹುಲ್ಲುಗಾವಲು’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ತಪ್ಪೇನಿಲ್ಲ, ಫ್ರೆಂಚ್ ಮೂಲದಲ್ಲೂ ಅದರ ಅರ್ಥ ಹೆಚ್ಚುಕಡಿಮೆ ಅದೇ. ಆದರೆ ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಈಸ್ಟೆಂಡ್ ಎಂಬ ಪುಟ್ಟ ಊರಿನ ಚರಿತ್ರೆ ಓದತೊಡಗಿದ ಮೇಲೆ ಆ ಪದ ಬರೆಯುವಾಗ ಕೈ ತಡೆಯುತ್ತದೆ. ಆ ಸೀಮೆಯನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಗೆ ಒಮ್ಮೆ ತಪ್ಪು ಉತ್ತರ ಕೊಟ್ಟದ್ದಕ್ಕೆ ಸಾವಿರಾರು ಸಂಸಾರಗಳು ಬೆಲೆ ತೆತ್ತವು.

ಈಸ್ಟೆಂಡ್ ಇರುವುದು ಪ್ರಾಂತ್ಯದ ನೈಋತ್ಯ ಮೂಲೆಯಲ್ಲಿ, ಅಮೆರಿಕದ ಗಡಿಯಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ಉತ್ತರಕ್ಕೆ. ಜನ ಐದಾರು ನೂರು. ಸುತ್ತಲೂ ಮರವಿಲ್ಲದ ಬಯಲು. ಊರು ಮಾತ್ರ ಫ್ರೆಂಚ್‌ಮನ್ ನದಿಯ ಕಣಿವೆಯೊಳಗೆ ತಗ್ಗಿನಲ್ಲಿ ಕೂತಿದೆ. ಕೆನಡಾದ ಈ ಬಯಲಿನ ಹೆಚ್ಚಿನ ನದಿಗಳು ಹಡ್ಸನ್ ಕೊಲ್ಲಿಯತ್ತ ಹರಿದರೆ ಇದು ದಕ್ಷಿಣಕ್ಕೆ ತಿರುಗಿ, ಮಿಲ್ಕ್ ನದಿಯನ್ನು ಸೇರಿ, ಮಿಸೌರಿ, ಮಿಸಿಸಿಪಿಗಳ ದಾರಿ ಹಿಡಿದು ಮೆಕ್ಸಿಕೋ ಕೊಲ್ಲಿ ಮುಟ್ಟುತ್ತದೆ.

ಊರಿನ ಪಶ್ಚಿಮಕ್ಕೆ ಸೈಪ್ರಸ್ ಬೆಟ್ಟಗಳು. ಅವುಗಳ ಪೂರ್ವದ ತುದಿಯಲ್ಲಿರುವುದರಿಂದಲೇ ಊರಿಗೆ ‘ಈಸ್ಟೆಂಡ್’ ಎಂಬ ಹೆಸರು. ತಮಾಷೆಯೆಂದರೆ ಆ ಬೆಟ್ಟಗಳಲ್ಲಿ ಸೈಪ್ರಸ್ ಮರವೇ ಇಲ್ಲ, ಇರುವುದು ಪೈನ್. ಕೆನಡಾದ ಫ್ರೆಂಚಿನಲ್ಲಿ ಒಂದು ಜಾತಿಯ ಪೈನ್ ಮರಕ್ಕೆ ‘ಸಿಪ್ರೆ’ ಎನ್ನುವ ರೂಢಿಯಿತ್ತು. ಫ್ರೆಂಚ್ ಮಾತಾಡುವ ಮೇಟೀ ಬೇಟೆಗಾರರು ಇಟ್ಟ ಆ ಹೆಸರನ್ನು ಇಂಗ್ಲಿಷರು ನಿಘಂಟಿನ ಪ್ರಕಾರ ಸೈಪ್ರಸ್ ಮಾಡಿಬಿಟ್ಟರು. ಅನುವಾದಕರ ತಪ್ಪೊಂದು ಹೀಗೆ ಭೂಪಟದಲ್ಲಿ ಖಾಯಂ ಆಗಿ ಉಳಿದಿದೆ. ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ನಷ್ಟ ಮಾಡಿದ ತಪ್ಪು ಹವಾಮಾನದ್ದು.

ಪೆಸಿಫಿಕ್ ಸಾಗರದ ತೇವವನ್ನು ರಾಕಿ ಪರ್ವತಗಳು ತಡೆಯುವುದರಿಂದ ಇದು ಮಳೆನೆರಳಿನ ಪ್ರದೇಶ. ಹಿಮವೂ ಸೇರಿ ವರ್ಷಕ್ಕೆ ಬೀಳುವುದು ಸುಮಾರು 300ರಿಂದ 350 ಮಿಲಿಮೀಟರ್. ಮುಂಬೈಯಲ್ಲಿರುವ ಓದುಗರು ಜುಲೈ ಒಂದೇ ತಿಂಗಳಲ್ಲಿ ಇದರ ಎರಡು ಪಟ್ಟು ನೋಡುತ್ತಾರೆ. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುತ್ತದೆ, ಬೇಸಿಗೆಯಲ್ಲಿ 35 ದಾಟುತ್ತದೆ. ನಡುವೆ ಚಿನೂಕ್ ಎಂಬ ಬೆಚ್ಚನೆಯ ಒಣಗಾಳಿ ಪರ್ವತಗಳಿಂದ ಇಳಿದು ಬಂದು ಕೆಲವೇ ಗಂಟೆಗಳಲ್ಲಿ ಹಿಮ ಕರಗಿಸಿ ಹುಲ್ಲನ್ನು ಹೊರಗೆಡಹುತ್ತದೆ. ಇವೆಲ್ಲಕ್ಕಿಂತ ಮುಖ್ಯ ಸಂಗತಿ ಬೇರೆ. ಇಲ್ಲಿ ಕೆಲವು ವರ್ಷ ಒಳ್ಳೆಯ ಮಳೆ ಬರುತ್ತದೆ, ಆಮೇಲೆ ಕೆಲವು ವರ್ಷ ಬರುವುದೇ ಇಲ್ಲ. ಸರಾಸರಿ ಎಂಬುದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ.

ಇದನ್ನು ಮೊದಲಿನಿಂದ ಬಲ್ಲವರು ಕ್ರೀ, ನಕೋಡ, ಬ್ಲ್ಯಾಕ್‌ಫುಟ್ ಜನ, ಆಮೇಲೆ ಮೇಟೀಗಳು. ಕಾಡೆಮ್ಮೆಗಳು ಹುಲ್ಲಿದ್ದ ಕಡೆ ಹೋಗುತ್ತಿದ್ದವು, ಇವರು ಕಾಡೆಮ್ಮೆಗಳ ಹಿಂದೆ ಹೋಗುತ್ತಿದ್ದರು. ಚಳಿಗಾಲಕ್ಕೆ ನೀರು, ಸೌದೆ, ಮರೆ ಮೂರೂ ಸಿಗುವ ಬೆಟ್ಟಗಳಿಗೆ ಬರುತ್ತಿದ್ದರು. ಆ ಸೀಮೆಯಲ್ಲಿ ಬದುಕುವ ಉಪಾಯವೇ ಒಂದೆಡೆ ನಿಲ್ಲದಿರುವುದು.

ಬರೆದಿಟ್ಟ ಅಭಿಪ್ರಾಯ ಶುರುವಾಗುವುದು ಜಾನ್ ಪ್ಯಾಲಿಸರ್‌ನಿಂದ. 1857ರಿಂದ 1860ರವರೆಗೆ ಬ್ರಿಟಿಷ್ ಸರ್ಕಾರದ ಪರವಾಗಿ ಬಯಲು ಸುತ್ತಿದ ಈ ಐರಿಷ್ ಮನುಷ್ಯ, ಗಡಿಯ ಮೇಲೆ ಬುಡವಿಟ್ಟು ಉತ್ತರಕ್ಕೆ ಚೂಪಾಗುವ ಒಂದು ತ್ರಿಕೋನವನ್ನು ಗುರುತಿಸಿ, ಅದು ಅಮೆರಿಕದ ಒಣಭೂಮಿಯ ಮುಂದುವರಿಕೆ, ಬೇಸಾಯಕ್ಕೆ ಆಗದು ಎಂದ. ಈಸ್ಟೆಂಡ್ ಆ ತ್ರಿಕೋನದ ಒಳಗಿದೆ. ಆತ ಓಡಾಡಿದ್ದು ಒಣ ವರ್ಷಗಳಲ್ಲಿ.

ಎರಡು ದಶಕಗಳ ನಂತರ, 1879 ಮತ್ತು 1880ರಲ್ಲಿ, ಸಸ್ಯವಿಜ್ಞಾನಿ ಜಾನ್ ಮಕೂನ್ ಅದೇ ದಕ್ಷಿಣ ಬಯಲಿಗೆ ಬಂದ. ಆಗ ಮಳೆ ಚೆನ್ನಾಗಿತ್ತು. ಎತ್ತರದ ಹುಲ್ಲು ನೋಡಿ, ಇದು ಗೋಧಿಗೆ ಹೇಳಿ ಮಾಡಿಸಿದ ಭೂಮಿ ಎಂದು ವರದಿ ಮಾಡಿದ. ಪೆಸಿಫಿಕ್ ಕರಾವಳಿ ಮುಟ್ಟಬೇಕಿದ್ದ ರೈಲಿನ ಕಂಪನಿ 1881ರಲ್ಲಿ ಉತ್ತರದ ಮಾರ್ಗ ಬಿಟ್ಟು ದಕ್ಷಿಣದ್ದನ್ನು ಹಿಡಿಯಿತು. ಅಮೆರಿಕದ ರೈಲುಗಳ ಪೈಪೋಟಿಯಂಥ ಬೇರೆ ಕಾರಣಗಳೂ ಇದ್ದವು, ಆದರೆ ಮಕೂನ್‌ನ ಮಾತು ಧೈರ್ಯ ಕೊಟ್ಟಿತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇಬ್ಬರೂ ತಾವು ಕಂಡ ಎರಡು ಮೂರು ವರ್ಷಗಳನ್ನು ಆ ಸೀಮೆಯ ಸ್ವಭಾವ ಎಂದುಕೊಂಡರು.

ರೈಲಿಗಾಗಿ ಬಯಲು ಖಾಲಿಯಾಗಬೇಕಿತ್ತು. 1879ರ ಹೊತ್ತಿಗೆ ಕೆನಡಾದ ಬಯಲಿನಲ್ಲಿ ಕಾಡೆಮ್ಮೆ ಹೆಚ್ಚುಕಡಿಮೆ ಮುಗಿದಿತ್ತು. ಹಸಿದು ಸೈಪ್ರಸ್ ಬೆಟ್ಟಗಳ ಬಳಿ ಸೇರಿದ್ದ ಜನರಿಗೆ 1882-83ರಲ್ಲಿ ಸರ್ಕಾರ ಪಡಿತರ ತಡೆದು, ಅವರನ್ನು ದೂರದ ಮೀಸಲು ಜಾಗಗಳಿಗೆ ಸಾಗಹಾಕಿತು.

ಆಮೇಲೆ ಬಂದವರು ದನಗಾಹಿಗಳು. ಚಿನೂಕ್ ಗಾಳಿಯನ್ನು ನಂಬಿ ಚಳಿಗಾಲದಲ್ಲೂ ದನಗಳನ್ನು ಬಯಲಲ್ಲೇ ಬಿಡುತ್ತಿದ್ದರು. 1906-07ರಲ್ಲಿ ಹಿಮ ಕರಗಲಿಲ್ಲ. ಎಷ್ಟೋ ರಾಂಚುಗಳು ಅರ್ಧಕ್ಕೂ ಹೆಚ್ಚು ದನ ಕಳೆದುಕೊಂಡವು. 1908ರ ಹೊಸ ಕಾಯ್ದೆ ಈ ಒಣ ಸೀಮೆಯನ್ನು ಒಕ್ಕಲಿಗೆ ಇನ್ನಷ್ಟು ತೆರೆಯಿತು. ಹತ್ತು ಡಾಲರ್ ಶುಲ್ಕ, 160 ಎಕರೆ, ಮೂರು ವರ್ಷ ಇದ್ದು ಉತ್ತರೆ ಜಮೀನು ನಿಮ್ಮದು. ಅಲೆದಾಡಿದರೆ ಮಾತ್ರ ಅನ್ನ ಕೊಡುವ ಸೀಮೆಯಲ್ಲಿ ಅಲ್ಲಾಡದೆ ಇರುವುದೇ ಷರತ್ತಾಯಿತು.

1914ರಲ್ಲಿ, ಊರು ಇನ್ನೂ ಕಟ್ಟುತ್ತಿದ್ದಾಗ, ಐದು ವರ್ಷದ ಹುಡುಗನೊಂದಿಗೆ ಒಂದು ಕುಟುಂಬ ಈಸ್ಟೆಂಡಿಗೆ ಬಂತು. ಚಳಿಗಾಲ ಊರಿನಲ್ಲಿ, ಬೇಸಿಗೆ ಗಡಿಯಂಚಿನ ಹೊಲದಲ್ಲಿ. 1915ರ ಬೆಳೆ ಭರ್ಜರಿಯಾಯಿತು, ಯುದ್ಧದಿಂದಾಗಿ ಗೋಧಿಗೆ ಬೆಲೆಯೂ ಇತ್ತು. ಮಕೂನ್ ಹೇಳಿದ್ದೇ ನಿಜ ಎನ್ನಿಸಿರಬೇಕು. ಅಪ್ಪ ಇನ್ನಷ್ಟು ನೆಲ ಉತ್ತ. ಆಮೇಲೆ ಬೆಳೆ ಕೈಕೊಡುತ್ತಾ ಹೋಗಿ 1920ರಲ್ಲಿ ಅವರು ಹೊಲ ಬಿಟ್ಟು ಗಡಿ ದಾಟಿ ಮೊಂಟಾನಾಕ್ಕೆ ಹೊರಟರು. ಆ ಹುಡುಗ ವ್ಯಾಲೇಸ್ ಸ್ಟೆಗ್ನರ್. ದೊಡ್ಡ ಕಾದಂಬರಿಕಾರನಾದ ಮೇಲೆ ‘ವುಲ್ಫ್ ವಿಲೋ’ (1962) ಎಂಬ ಪುಸ್ತಕದಲ್ಲಿ ಈ ಊರನ್ನು ಬರೆದ. ಊರಿನ ಶಾಲೆಯಲ್ಲಿ ಕಲಿತ ಚರಿತ್ರೆಯೆಲ್ಲ ಬೇರೆಲ್ಲಿಯದೋ ಆಗಿತ್ತು, ತನ್ನ ಕಾಲ ಕೆಳಗಿನ ನೆಲದ ಕಥೆ ಯಾರೂ ಹೇಳಿರಲಿಲ್ಲ ಎಂಬುದು ಆ ಪುಸ್ತಕದ ಕೊರಗು. ಓದುವಾಗ ನನಗೆ ಅನ್ನಿಸಿದ್ದು, ಅದು ಬರೀ ಮಗುವಿನ ಕೊರಗಲ್ಲ. ಪ್ಯಾಲಿಸರ್‌ನ ವರದಿ ಅಚ್ಚಾಗಿ ಅರ್ಧ ಶತಮಾನವಾಗಿದ್ದರೂ ನೇಗಿಲು ಹಿಡಿದ ಅಪ್ಪನ ಕೈಗೆ ಸಿಕ್ಕಿದ್ದು ಎರಡನೆಯ ಅನುವಾದ ಮಾತ್ರ.

1930ರ ದಶಕದ ಬರದಲ್ಲಿ ಉತ್ತ ಮಣ್ಣು ಗಾಳಿಗೆ ಎದ್ದು ಹೋಯಿತು. 1935ರಲ್ಲಿ ಸರ್ಕಾರ ಬಯಲಿನ ಪುನಶ್ಚೇತನಕ್ಕೆಂದೇ ಒಂದು ಇಲಾಖೆ ತೆರೆದು, ಕೆಟ್ಟ ಹೊಲಗಳಿಗೆ ಮತ್ತೆ ಹುಲ್ಲು ಬಿತ್ತಿ ಸಾಮುದಾಯಿಕ ಗೋಮಾಳಗಳನ್ನು ಮಾಡಿತು. ಇಂದು ಅದೇ ನದಿಯ ಕೆಳದಂಡೆಯಲ್ಲಿ ಹುಲ್ಲಿನ ಬಯಲನ್ನು ಕಾಪಾಡಲೆಂದೇ ರಾಷ್ಟ್ರೀಯ ಉದ್ಯಾನವೊಂದಿದೆ. ಈಸ್ಟೆಂಡಿನ ಹೆಸರು ಈಗ ಹೊರಗಿನವರಿಗೆ ಗೊತ್ತಿರುವುದು 1991ರಲ್ಲಿ ಹತ್ತಿರದ ಕಣಿವೆಯಲ್ಲಿ ಸಿಕ್ಕ ‘ಸ್ಕಾಟಿ’ ಎಂಬ ಟಿ. ರೆಕ್ಸ್ ಡೈನೋಸಾರ್‌ನಿಂದ. ಸ್ಟೆಗ್ನರ್ ಮನೆಯೂ ಇದೆ, ಅಲ್ಲಿ ಬರಹಗಾರರು, ಕಲಾವಿದರು ಬಂದು ತಂಗುತ್ತಾರೆ.

ನಾನೀಗ ‘ಹುಲ್ಲುಗಾವಲು’ ಎಂಬುದನ್ನು ಪೂರ್ತಿ ಬಿಟ್ಟಿಲ್ಲ. ಚಿತ್ರದುರ್ಗದ ಅಮೃತಮಹಲ್ ಕಾವಲುಗಳನ್ನು ಬೇಸಿಗೆಯಲ್ಲಿ ನೋಡಿದವರಿಗೆ ‘ಕಾವಲು’ ಎಂದರೆ ಸದಾ ಹಸಿರಲ್ಲ ಎಂಬುದು ಗೊತ್ತು. ಆದರೆ ಆ ಪದ ಬರೆಯುವ ಮುನ್ನ ಒಮ್ಮೆ ಕೇಳಿಕೊಳ್ಳುತ್ತೇನೆ: ಇದು ಯಾವ ವರ್ಷದ ಹುಲ್ಲು?